ಎಡಕ್ಕ ಎರಡು ಸುತ್ತು

ನಳಾ ಮುಟ್ಟಿದ್ರ ಜುಂ ಅಂತೈತಂತ
ತುಳಜಾಬಾಯಿ ಫೋನ್ ಮಾಡಿದ್ಲು.
ಬೆಟಗೇರಿ, ಮಗ್ಗದ ಓಣಿ, ಮೂರನೇ ಮನಿ.
ಮಗ್ಗದ ಕುಣಿಯಾಗ ಈಗ ಉಳ್ಳಾಗಡ್ಡಿ ಚೀಲ,
ಅದರ ಮ್ಯಾಲಿನ ಗ್ವಾಡಿಗೆ ಮೀಟರು,
ಮೀಟರಿನ ಬಾಜೂಕ ಬಿಳೇ ಡಬ್ಬಿ,
ಡಬ್ಬಿ ಮ್ಯಾಲ ಹನ್ನೊಂದು ವರ್ಷದ ಅರಿಷಿಣ ಕುಂಕುಮ.
ದೀಪಾವಳಿಗೊಮ್ಮೆ ಪೂಜಿ ಆಗೈತಿ,
ಒಮ್ಮೆನೂ ಪರೀಕ್ಷಾ ಆಗಿಲ್ಲ.

'ಇದು ಯಾತಕ್ಕಂತ ಗೊತ್ತೈತೇನ್ರಿ?'
'ಶಾಕ್ ಹೊಡದ್ರ ಬೀಳ್ತೈತೆಲ್ಲ, ಅದು.
ಮೊದಲ ಬಾಳ ಕಾಡತಿತ್ತು. ಈಗ ತಣ್ಣಗ ಐತಿ ನೋಡವಾ.'

ಕುಂಕುಮ ಒರಸಿ
ಟಿ ಅಂತ ಬರದ ಗುಂಡಿ ಹುಡುಕಿ
ಹೆಬ್ಬಟ್ಟಿಲೆ ಒತ್ತಿದೆ.
ಏನಿಲ್ಲ.
ಇನ್ನೊಮ್ಮೆ.
ಫ್ಯಾನು ತಿರಗಾಕತ್ತಿತ್ತು, ಫ್ರಿಜ್ಜು ಗುಂಯ್ ಅನ್ನಾಕತ್ತಿತ್ತು,
ಡಬ್ಬಿ ತಲಿ ಎತ್ಕೊಂಡು ನಿಂತಿತ್ತು
ಕಣ್ಣು ತೆರಕೊಂಡು ನಿದ್ದಿ ಹೊಡಿಯೂ ಪಾರೇದವನಂಗ.

ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಮುಚ್ಚಳ ಬಿಚ್ಚಿದೆ.
ಬಂದ ಎರಡೂ ವೈರು ಡಬ್ಬಿ ಒಳಗ ಹೋಗೇ ಇಲ್ಲ.
ಸಾಲಾ ಕೊಟ್ಟವನ ಕಣ್ಣ ತಪ್ಪಿಸಿ
ಹಿತ್ತಲಿಂದ ಮನಿ ಸೇರೂ ಗಂಡಸಿನಂಗ
ಹಿಂದ ಸುತ್ತು ಹಾಕಿ ಒಳಗ ನುಗ್ಗ್ಯಾವು.
ಗಂಟಿಗೆ ಕರೇ ಟೇಪು.
ಎಡಕ್ಕ ಎರಡು ಸುತ್ತು, ಬಲಕ್ಕ ಒಂದು,
ಕೊನೀನ ಒಳಗ ಮಡಚಿ ಬಿಟ್ಟಾರ,
ಮುಂದ ಬಿಚ್ಚವರಿಗೆ ಉಗುರು ನೋಯಬಾರದಂತ.

ಆ ಮಡಿಕಿ ನಂಗ ಗೊತ್ತು.
ನನ್ನ ಪಾಟೀಚೀಲದ ಹಿಡಿಕಿಗೂ ಹಂಗ ಇತ್ತು,
ಮುರದ ಬಾಚಣಿಕಿಗೂ.

ಈ ಹುಡುಗಿ ಯಾಕ ಸುಮ್ನ ನಿಂತಾಳಂತ
ತುಳಜಾಬಾಯಿ ಬಗ್ಗಿ ನೋಡಿದ್ಲು.
'ಕೆಟ್ಟೈತೇನವಾ?'
'ಇಲ್ರಿ. ಇದಕ್ಕ ಕೆಲಸಾನ ಕೊಟ್ಟಿಲ್ಲ.'

ಬಿಚ್ಚಿದೆ. ಇರೂ ಜಾಗಾಕ್ಕ ಕೂಡಿಸಿದೆ. ಮೇನ್ ಏರಿಸಿದೆ.
ಟಪ್.
ಮತ್ತ ಏರಿಸಿದೆ. ಟಪ್.
ಎದಿ ಹಗುರಾತು. ಬೀಳಾಕತ್ತೈತೆಂದ್ರ ಅದಕ್ಕ ಜೀವ ಐತಿ.

ಸಣ್ಣ ಸ್ವಿಚ್ಚೆಲ್ಲಾ ಇಳಿಸಿ ಒಂದೊಂದ ಏರಿಸಿದೆ.
ಪಡಸಾಲಿ, ನಿಂತಿತು. ಅಡಗಿಮನಿ, ನಿಂತಿತು.
ಮಗ್ಗದ ಖೋಲಿ, ಅದೂ ನಿಂತಿತು.
ಬಚ್ಚಲ ಅಂದ ಕೂಡಲೆ
ಟಪ್.

ಗೀಜರ್ ಬಿಚ್ಚಿದ್ರ ಕಾಯಿಲ್ ಕಾಣವಲ್ದು,
ಗದಗಿನ ಗಡಸು ನೀರು ಅದಕ್ಕ ಸುಣ್ಣದ ಅಂಗಿ ತೊಡಿಸಿತ್ತು.
ಅಂಗಿ ಒಳಗ ಬಳಿ ಒಡದಂಗ ಸಣ್ಣ ಸೀಳು.
ಹಿತ್ತಲದಾಗ ಅರ್ಥಿಂಗ್ ಕುಣಿ,
ಮುಟ್ಟಿದ್ರ ಒಣಾ ಉಪ್ಪು, ಒಣಾ ಇದ್ದಲಿ.
ಬಾಜೂಕನ ತುಳಸಿ ಹಚ್ಚ ಹಸರ.
'ಆಕಿಗೆ ನೀರ ಹಾಕಾಗ ಇದಕ್ಕೂ ಒಂದು ತಂಬಿಗಿ ಹಾಕ್ರಿ.
ಹೊಸಾ ಕಾಯಿಲ್ ಬರೂತನಕ ಒಲಿ ನೀರ ಗತಿ.'

ಚಾ ಕೊಡತ ತುಳಜಾಬಾಯಿ ನೆನಸಿದ್ಲು:
'ಮಗಳ ಬಾಣಂತನದಾಗ ರಾತ್ರಿ ಹತ್ತು ಸಲ ಬೀಳೂದು ಇದು.
ಕೂಸು ಚೀರೂದು. ಯಾರೋ ಪುಣ್ಯಾತ್ಮ ಬಂದು ನಿಂದ್ರಿಸಿದ.
ನಾಳೆ ಬಂದು ಪಕ್ಕಾ ಮಾಡ್ತೀನಂದಿದ್ದ.
ರೊಕ್ಕಾ ಸೈತ ಒಯ್ಲಿಲ್ಲ.'

ನಾನೂ ಒಯ್ಲಿಲ್ಲ.
ಯಾಕವಾ ಅಂತ ಆಕಿ ಕೇಳಾಕತ್ತಿದ್ಲು,
ಸ್ಕೂಟಿ ಚಾಲೂ ಮಾಡಿದೆ.

ಮನ್ಯಾಗ ಅಪ್ಪ
ನಡಗೂ ಕೈಲೆ ಬಸಿ ಹಿಡದು ಚಾ ಕುಡ್ಯಾಕತ್ತಿದ್ದ.
ಬಸಿ ಬಾಜೂಕ ಟೇಪಿನ ತುಂಡು ಇಟ್ಟೆ.
ಚಾ ಆರೂ ತನಕ ನೋಡಿದ.
'ಬೆಟಗೇರ್ಯಾಗಿಂದು?'
'ಹೂಂ.'
'ಮರದಿನ ಹೋಗಬೇಕಿತ್ತು,' ಅಂದ. 'ಹೋಗಬೇಕಿತ್ತು.'

ಬಾಳ ಹೊತ್ತಾದ ಮ್ಯಾಲ:
'ನಮ್ಮನಿದು ಒತ್ತಿ ನೋಡು.'

ಎದ್ದು ಹೋಗಿ ಒತ್ತಿದೆ.
ಟಪ್. ಮನಿ ಪೂರಾ ಕತ್ತಲ.
ಕತ್ತಲದಾಗ ಅಪ್ಪ ಉಸರು ಬಿಟ್ಟಿದ್ದು ಕೇಳಿಸ್ತು,
ಅಡಗಿಮನಿಯಿಂದ ಅವ್ವನ ಬೈಗಳ:
'ರೊಟ್ಟಿ ಹಂಚಿನ ಮ್ಯಾಲೈತಿ,
ಅಪ್ಪಾ ಮಗಳಿಗೆ ಆಟಾ ಆಡಾಕ
ಇದ ಹೊತ್ತು ಸಿಕ್ತೇನು?'